ಏಳಿ ಮೇಡಂ

ಜುಲೈ 8, 2024, ಸೋಮವಾರ

ಇವತ್ತಿನಿಂದ ಈ ಪುಸ್ತಕದಲ್ಲಿ ಹರ್ಷವರ್ಧನನ ಹೆಸರಿನ ಮುಂದೆ ‘ಸಾರ್’ ಬರೆಯುವುದಿಲ್ಲ. ಎದುರಿಗೆ ಸಿಕ್ಕಾಗ ಅನ್ನಲೇಬೇಕು. ಅವನು ಕನ್ನಡ ವಿಭಾಗದ ಮುಖ್ಯಸ್ಥ, ನಾನು ವರ್ಷವರ್ಷ ಹೊಸ ಆರ್ಡರಿಗೆ ಕಾಯುವ ತಾತ್ಕಾಲಿಕ ಉಪನ್ಯಾಸಕಿ ಪದ್ಮಶ್ರೀ. ಆದರೆ ಇಲ್ಲಿ ನನಗೆ ಯಾರ ಹಂಗೂ ಇಲ್ಲ.

ನಡೆದದ್ದನ್ನು ನಡೆದ ಹಾಗೇ ಬರೆದಿಡಬೇಕು. ಸಿಟ್ಟು ಇಳಿದ ಮೇಲೆ ‘ಹೋಗಲಿ ಬಿಡು’ ಅಂದುಬಿಡುವ ಜಾತಿ ನನ್ನದು. ಈ ಸಲ ಹಾಗೆ ಅನ್ನಬಾರದು.

ರಜೆಯಲ್ಲಿ ಕಣ್ಣು ಕೆಂಪಗಾಗುವಷ್ಟು ಕೂತು ‘ಮಾತುಕಟ್ಟೆ’ ಮಾಡಿದೆ. ಆನ್‌ಲೈನಿನಲ್ಲಿ ಚರ್ಚೆ ಮಾಡುವ ಕಟ್ಟೆ. ನಡುವೆ ನಾನು ಒಂದು ಚಿತ್ರವನ್ನೋ ವಿಡಿಯೋವನ್ನೋ ಇಡುತ್ತೇನೆ. ಮಕ್ಕಳು ತಮ್ಮ ಫೋನಿನಿಂದಲೇ ಬಂದು ಅದರ ಸುತ್ತ ಮಾತಾಡಬಹುದು, ಬರೆಯಬಹುದು, ಮುಖ ತೋರಿಸಬಹುದು, ಒಬ್ಬರ ಮಾತಿಗೆ ಇನ್ನೊಬ್ಬರು ಮಾತು ಸೇರಿಸಬಹುದು. ಆಡಿದ ಮಾತು ಕೆಳಗೆ ಅಕ್ಷರವಾಗಿ ತಾನೇ ಮೂಡುತ್ತದೆ. ತಮಿಳು ಸೀಮೆಗೆ ಸೇರಿದ ನಮ್ಮ ಬೆಟ್ಟದ ಮಕ್ಕಳು ಕ್ಲಾಸಿನಲ್ಲಿ ಬಾಯಿ ಬಿಡುವುದಿಲ್ಲ. ಮನೆ ಹಿತ್ತಲಿನಲ್ಲೋ ಬಸ್ ಸ್ಟಾಪಿನಲ್ಲೋ ಒಬ್ಬರೇ ಇದ್ದಾಗಲಾದರೂ ಬಿಟ್ಟಾರು ಅನ್ನುವ ಆಸೆ ನನ್ನದು.

ಮೊದಲನೆಯ ಚಿತ್ರ ಪಣಕಹಳ್ಳಿಯ ನಮ್ಮ ರಾಗಿ ಹೊಲದ್ದು. ಪ್ರಶ್ನೆಯನ್ನು ಮನೆಯ ಜಗುಲಿಯ ಮೇಲೆ ಕೂತು ರೆಕಾರ್ಡ್ ಮಾಡಿದ್ದೆ. ಮನೆಯಲ್ಲಿ ಕೂತರೆ ನನ್ನ ಬಾಯಿ ಮನೆಯದ್ದೇ ಆಗಿಬಿಡುತ್ತದೆ. ‘ಒಲದ ಚಿತ್ರ ನೋಡಿ, ಏನನ್ನಿಸ್ತದೋ ಏಳಿ. ಎದ್ರಬ್ಯಾಡಿ, ಏಳಿ’ ಅಂದಿದ್ದೇನೆ. ನಮ್ಮ ಕಡೆ ಹಕಾರ ಬಾಯಿಗೆ ಹತ್ತುವುದಿಲ್ಲ. ಹೇಳುವುದೂ ‘ಏಳೋದೇ’, ಎದ್ದು ನಿಲ್ಲುವುದೂ ‘ಏಳೋದೇ’. ನಮಗೆ ನಮಗೆ ಗೊಂದಲವಾದದ್ದೇ ಇಲ್ಲ.

ಇವತ್ತು ಹೊಸ ಮಕ್ಕಳ ಸ್ವಾಗತದ ಸಭೆ. ಹರ್ಷವರ್ಧನ ನನ್ನ ಪ್ರಶ್ನೆಯನ್ನು ದೊಡ್ಡ ಪರದೆಯ ಮೇಲೆ ಹಾಕಿಸಿದ. ಹೊಗಳುತ್ತಾನೆ ಅಂದುಕೊಂಡು ಸೆರಗು ಸರಿಮಾಡಿಕೊಂಡು ಕೂತೆ, ಪೆದ್ದಿ. ನನ್ನ ದನಿ ಬಂತು, ಕೆಳಗೆ ‘ಏಳಿ’ ಅಂತ ಅಕ್ಷರವೂ ಬಂತು. ಅವನು ಅಲ್ಲಿಗೇ ನಿಲ್ಲಿಸಿ, ಮೈಕು ಹಿಡಿದು, ತನ್ನ ತೊಳೆದಿಟ್ಟ ಮೈಸೂರು ಕನ್ನಡದಲ್ಲಿ ಅಂದ: “ಮೇಡಂ ಏಳಿ ಅಂತಿದ್ದಾರೆ, ಇನ್ನೂ ಕೂತಿದ್ದೀರಲ್ಲ? ಹೆದರಬೇಡಿ, ಎದ್ದೇಳಿ.”

ಸಭೆಗೆ ಸಭೆಯೇ ಎದ್ದು ನಿಂತು ನಕ್ಕಿತು. ಪ್ರಿನ್ಸಿಪಾಲ್ ವೃಷಭೇಂದ್ರ ಅವರೂ ಎದ್ದರು, ಬಾಯಿಗೆ ಕರ್ಚೀಫು ಒತ್ತಿಕೊಂಡು. ಕೂತೇ ಇದ್ದವರು ಇಬ್ಬರು. ನಾನು, ಮತ್ತೆ ಕೊನೆಯ ಬೆಂಚಿನಲ್ಲಿ ನೆಲ ನೋಡುತ್ತಿದ್ದ ಒಬ್ಬ ಹುಡುಗಿ.

ನಾನು ಮರೆಯುವುದಿಲ್ಲ. ಅದೇ ಪರದೆ, ಅದೇ ಮೈಕು, ಅದೇ ಸಭೆ. ಒಂದು ದಿನ ಅವನನ್ನು ಅಲ್ಲಿ ನಿಲ್ಲಿಸಿ ನಗಿಸುತ್ತೇನೆ.

ಜುಲೈ 10, ಬುಧವಾರ

ಎರಡೇ ದಿನಕ್ಕೆ ಹೆಸರು ನಿಂತಿತು. ‘ಏಳಿ ಮೇಡಂ.’ ಕಾರಿಡಾರಿನಲ್ಲಿ ಹೋಗುವಾಗ ಹುಡುಗರು ಕಟ್ಟೆಯಿಂದ ಒಟ್ಟಿಗೇ ಎದ್ದು ನಿಲ್ಲುತ್ತಾರೆ. ಮರ್ಯಾದೆ ಕೊಟ್ಟವರ ಹಾಗೆ. ಬೈಯಲೂ ಬರುವುದಿಲ್ಲ.

ಸಂಜೆ ಅಂಗೈಯನ್ನು ಬಾಯಿ ಮುಂದೆ ಹಿಡಿದು ಅಭ್ಯಾಸ ಮಾಡಿದೆ. ‘ಹ’ ಅಂದರೆ ಅಂಗೈಗೆ ಬಿಸಿ ಉಸಿರು ತಾಗಬೇಕು. ಹೊಲ. ಹಾಲು. ಹೇಳಿ. ಅವ್ವ ರಾಗಿಹಿಟ್ಟಿನ ಕೈಯಲ್ಲೇ ಬಂದು ನಿಂತು ನೋಡಿದಳು.

“ಯಾಕ್ ಮಗ, ಕೈ ಸುಟ್ಕಂಡಯ್ಯಾ? ಊದ್ಕತಾ ಕೂತಿದ್ದೈ?”

“ನಿನ್ನ ಬಾಯಿಂದಲೇ ನನಗೆ ಈ ಗತಿ” ಅಂದೆ. ಅವ್ವ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು. ನಾನು ಅಂದದ್ದರಲ್ಲಿ ತಪ್ಪೇನಿದೆ? ಹರ್ಷವರ್ಧನನ ತಾಯಿ ಮೈಸೂರಿನಲ್ಲಿ ಅಚ್ಚುಕಟ್ಟಾಗಿ ಮಾತಾಡಿಕೊಂಡು ಇರಬೇಕು, ಅದಕ್ಕೇ ಮಗ ಹೀಗೆ. ‘ನಮ್ಮ ಮೈಸೂರಿನಲ್ಲಿ’ ಅನ್ನದೆ ಅವನಿಗೆ ಸ್ಟಾಫ್ ರೂಮಿನಲ್ಲಿ ಟೀ ಇಳಿಯುವುದಿಲ್ಲ.

ಜುಲೈ 19, ಶುಕ್ರವಾರ

ಹಳೆಯ ಪ್ರಶ್ನೆ ಕಿತ್ತುಹಾಕಿ ಹೊಸದಾಗಿ ರೆಕಾರ್ಡ್ ಮಾಡಿ ಹಾಕಿದೆ. ಎಷ್ಟು ಸಲ ಮಾಡಿದೆನೋ, ಕೊನೆಗೆ ಗಂಟಲು ಕಟ್ಟಿತು. ‘ಹೊಲದ ಚಿತ್ರ ನೋಡಿ, ನಿಮ್ಮ ಅನಿಸಿಕೆ ಹೇಳಿ.’ ಒಂದು ಹಕಾರವೂ ಬಿಟ್ಟುಹೋಗಿಲ್ಲ.

ಮೊದಲ ಉತ್ತರ ಬಂತು! ಮೇಘ ಅನ್ನುವ ಹುಡುಗಿ, ಬಿ.ಎ. ಮೊದಲ ವರ್ಷ, ಹಾಸನೂರಿನವಳು. ಅವತ್ತು ಕೊನೆಯ ಬೆಂಚಿನಲ್ಲಿ ಏಳದೆ ಕೂತಿದ್ದವಳೇ. ಅವಳ ದನಿಯನ್ನು ನಾನು ಕೇಳಿದ್ದೇ ಇವತ್ತು.

“ಮೇಡಂ, ನಂ ಒಲ್ದಲ್ಲೂ ಇಂಗೇ ಒಂದ್ ಕಲ್ಲದ. ನಂ ತಾತ ಅದ ಕಿತ್ ಆಕ್ಬೇಕು ಅಂತಿತ್ತು, ಆಗ್ನಿಲ್ಲ. ಈಗ ಅದ್ರ ಮ್ಯಾಲ ನಿಂತ್ರ ಮಾತ್ರ ನಮ್ಗ ಸಿಗ್ನಲ್ ಸಿಗದು. ನಾ ಅದ್ರ ಮ್ಯಾಲೇ ನಿಂತಿವ್ನಿ ಈಗ. ಗಾಳಿ ಒಡಿತದ, ಕೇಳ್ತಾ?”

ಗಾಳಿ ಕೇಳುತ್ತಿತ್ತು. ಖುಷಿಯಾಯಿತು, ಅದನ್ನು ಒಪ್ಪಿಕೊಳ್ಳುತ್ತೇನೆ. ಮೂರು ಸಲ ಕೇಳಿದೆ. ಮೂರನೆಯ ಸಲ ಹರ್ಷವರ್ಧನನ ಕಿವಿಯಿಂದ ಕೇಳಿದ ಹಾಗಾಯಿತು. ಒಲ, ಇಂಗೇ, ಆಕ್ಬೇಕು. ಇದು ಅವನ ಕೈಗೆ ಸಿಕ್ಕರೆ ಮುಂದಿನ ಸಭೆಗೆ ಸಾಕು.

ಬೇರೆ ಯಾರೂ ಕೇಳುವ ಮೊದಲೇ ಅದನ್ನು ಮರೆಮಾಡಿ, ಕಟ್ಟೆಗೆ ತಡೆ ಹಾಕಿದೆ. ಇನ್ನು ಮೇಲೆ ಯಾರೇ ಮಾತಾಡಿದರೂ ಮೊದಲು ನನಗೊಬ್ಬಳಿಗೆ ಕೇಳುತ್ತದೆ. ನಾನು ಬಿಟ್ಟರೆ ಮಾತ್ರ ಉಳಿದವರಿಗೆ. ಮೇಘಳಿಗೆ ಬರೆದೆ: ‘ಚೆನ್ನಾಗಿದೆ. ಹಕಾರ ಗಮನಿಸಿ ಮತ್ತೊಮ್ಮೆ ರೆಕಾರ್ಡ್ ಮಾಡು.’

ಆಗಸ್ಟ್ 2, ಶುಕ್ರವಾರ

ಮೇಘ ಮತ್ತೆ ಕಳಿಸಿದಳು. ಈಗ ಎಲ್ಲ ಕಡೆ ಹಕಾರ. ಹೊಲ ಸರಿ, ಹಾಕಬೇಕು ಸರಿ. ಆದರೆ ಆನೆಗೂ ಹಾನೆ, ಎಲೆಗೂ ಹೆಲೆ. ‘ಹಾನೆ ಅಲ್ಲ, ಆನೆ’ ಅಂತ ಬರೆದು ವಾಪಸ್ ಕಳಿಸಿದೆ. ಮತ್ತೆ ಬಂತು. ಮತ್ತೆ ಕಳಿಸಿದೆ. ಈ ಸಲ ಬಂದದ್ದು ಬರೀ ಎರಡು ವಾಕ್ಯ, ಓದಿದ ಹಾಗಿದೆ. ‘ನಮ್ಮ ಹೊಲದಲ್ಲಿ ಕಲ್ಲಿದೆ. ಅದು ಉಪಯುಕ್ತವಾಗಿದೆ.’ ತಪ್ಪಿಲ್ಲ, ಕಟ್ಟೆಗೆ ಬಿಟ್ಟೆ.

ಉಳಿದವರೂ ಮಾತಾಡುವುದು ಬಿಟ್ಟು ‘ಚೆನ್ನಾಗಿದೆ ಮೇಡಂ’ ಅಂತ ಟೈಪ್ ಮಾಡಿ ಕೈತೊಳೆದುಕೊಳ್ಳುತ್ತಿದ್ದಾರೆ. ಮಾತುಕಟ್ಟೆಯಲ್ಲಿ ಮಾತೇ ಇಲ್ಲ. ಅವನ ಆ ಒಂದು ನಗು ಮಕ್ಕಳ ಬಾಯಿ ಹೊಲಿದುಬಿಟ್ಟಿದೆ. ಇದೂ ಅವನ ಲೆಕ್ಕಕ್ಕೇ.

ಆಗಸ್ಟ್ 13, ಮಂಗಳವಾರ

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಆಗಲಿ.

ಸೆಪ್ಟೆಂಬರಿನಲ್ಲಿ ಕಾಲೇಜಿಗೆ ಪರಿಶೀಲನಾ ತಂಡ ಬರುತ್ತದಂತೆ. ಹೊಸ ಬೋಧನಾ ವಿಧಾನ ಅಂತ ಕನ್ನಡ ವಿಭಾಗದಿಂದ ಮಾತುಕಟ್ಟೆ ತೋರಿಸಬೇಕಂತೆ. ತೋರಿಸುವವನು ಹರ್ಷವರ್ಧನ! ಸ್ಲೈಡು ಆಗಲೇ ತಯಾರು. ‘ಪರಿಕಲ್ಪನೆ: ಡಾ. ಹರ್ಷವರ್ಧನ.’ ನನ್ನ ಹೆಸರು ಕೊನೆಯಲ್ಲಿ, ಪ್ರೊಜೆಕ್ಟರಿನವನ ಹೆಸರಿನ ಪಕ್ಕ, ‘ಸಹಕಾರ’ದ ಕೆಳಗೆ.

ನೇರ ಹೋಗಿ ಕೇಳಿದೆ. ಅವನು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, “ನಿಮಗೆ ವೇದಿಕೆ ಮೇಲೆ ಮಾತಾಡೋದು ಕಷ್ಟ ಆಗಬಹುದು ಅಂತ ನಾನೇ ವಹಿಸಿಕೊಂಡೆ. ಜನ ನಗ್ತಾರೆ ಮೇಡಂ. ನಗೋದು ಬೇಡ ಅಂತ” ಅಂದ.

ನಗಿಸಿದವನೇ ನಗುವುದು ಬೇಡ ಅಂತಾನೆ. ಮೊದಲು ಬಾಯಿಗೆ ನಕ್ಕ, ಈಗ ಬಾಯಿಗೆ ಬಂದ ತುತ್ತನ್ನೂ ಕಿತ್ತುಕೊಂಡ. ಅವನ ಕಾರಿನ ಗಾಳಿ ಬಿಡಲೇ? ಸ್ಲೈಡು ಅಳಿಸಿಹಾಕಲೇ? ಥೂ, ಅವೆಲ್ಲ ಹುಡುಗಾಟ. ಅವನಿಗೆ ತಾಗಬೇಕಾದದ್ದು ಬೇರೆ ಜಾಗಕ್ಕೆ. ಎಲ್ಲಿ ಅಂತ ಗೊತ್ತಿಲ್ಲ, ಹುಡುಕುತ್ತೇನೆ.

ಆಗಸ್ಟ್ 28, ಬುಧವಾರ

ಸಿಕ್ಕಿತು. ಸಿಕ್ಕಿತು. ಸಿಕ್ಕಿತು.

ಹೊಸ ಪ್ರಶ್ನೆ ಹಾಕಿದ್ದೆ: ‘ಒಂದು ಅಕ್ಷರದ ಬಗ್ಗೆ ಒಂದು ನೆನಪು.’ ಯಾರೂ ಬಾಯಿ ಬಿಟ್ಟಿರಲಿಲ್ಲ. ಇವತ್ತು ಮೇಘಳಿಂದ ಒಂದು ಆಡಿಯೋ. ಜೊತೆಗೆ ಬರೆದಿದ್ದಾಳೆ: ‘ಮೇಡಂ, ನನ್ನ ಮಾತು ಸರಿ ಇಲ್ಲ, ಅದಕ್ಕೆ ನಮ್ಮ ಪಕ್ಕದ ಮನೆ ವಸಂತಕ್ಕನ ಮಾತು ಕಳಿಸಿದ್ದೇನೆ. ಅವರು ನಮ್ಮ ಹರ್ಷವರ್ಧನ ಸಾರ್ ತಾಯಿ. ಊರಿನವರಿಗೆಲ್ಲ ಗೊತ್ತು, ಕಾಲೇಜಿನಲ್ಲಿ ಸಾರ್ ಹೇಳಿಕೊಂಡಿಲ್ಲ. ಮೊದಲು ನಿಮಗೊಬ್ಬರಿಗೇ ಕೇಳುತ್ತದಲ್ಲ, ಅದಕ್ಕೆ ಕಳಿಸಿದೆ. ಕೇಳಿ ಅಳಿಸಿಬಿಡಿ. ತುಂಬ ಚೆನ್ನಾಗಿ ಮಾತಾಡುತ್ತಾರೆ.’

ಬೀಡಾದ ಬಾಯಿ, ಗಟ್ಟಿ ದನಿ, ನಡುನಡುವೆ ಕೋಳಿ ಓಡಿಸುವ ಸದ್ದು. ಮರೆಯಬಾರದು ಅಂತ ಪೂರ್ತಿ ಇಳಿಸಿಕೊಂಡಿದ್ದೇನೆ:

“ಏನ್ ಏಳ್ಲಿ ಮಗ? ನಂ ಅರ್ಸನ್ ಕತ ಏಳ್ತೀನಿ. ಅವ್ನ ಸಣ್ ಕೂಸಲ್ಲೇ ಮೈಸೂರ್ಗ, ಆಸ್ಟಲ್‌ಗ ಬುಟ್ಟಿದ್ದೊ. ಅಲ್ಲಿ ‘ಒಟ್ಟ ಅಸಿತದ’ ಅಂದ್ನಂತ. ಉಡುಗ್ರೆಲ್ಲ ನಕ್ಬುಟ್ರಂತ. ಆಮೇಲ ಒಟ್ಟ ಎಷ್ಟ್ ಅಸುದ್ರೂ ಬಾಯ್ ಬುಡ್ನಿಲ್ಲ ಇವ್ನು. ರಜಕ್ಕ ಬಂದವ್ನೇ ಗೂಟದಲ್ಲಿದ್ ಕನ್ನಡಿ ಬಿಚ್ಕ ಬಂದು ನನ್ ಬಾಯ್ ಮುಂದ್ಕ ಇಡುದ. ‘ಅವ್ವಾ, ಅ (ಹ) ಅನ್ನು, ಕನ್ನಡಿ ಮಂಜಾಗ್ಬೇಕು’ ಅಂತ. ಒಲ ಅಂದಿ, ಮಂಜಾಗ್ನಿಲ್ಲ. ಆಲು ಅಂದಿ, ಆಗ್ನಿಲ್ಲ. ಒತ್ತ್ ಓಯ್ತಾ ಅದ, ನಾ ಕಳ ಕೀಳಕ್ಕ ಓಗ್ಬೇಕು, ಈ ಕೂಸು ಕನ್ನಡಿ ಇಡ್ಕಂಡು ಅಳ್ತಾ ಕೂತದ. ‘ನೀನೂ ಕಲ್ತ್ಕಳವ್ವ, ನಿನ್ನೂ ನಕ್ಬುಡ್ತಾರ’ ಅಂತದ. ಕಡ್ಗ ಏನ್ ಮಾಡ್ದಿ ಗೊತ್ತಾ? ‘ಉಸ್ಸಪ್ಪಾ’ ಅಂತ ಸುಮ್ನ ಉಸ್ರು ಬುಟ್ಟಿ. ಕನ್ನಡಿ ಮಂಜಾಯ್ತು! ‘ಬಂತು ಕಣವ್ವ, ಬಂತು’ ಅಂತ ಕುಣುದ. ನಂಗ ಈಗ್ಲೂ ಬರಲ್ಲ ಮಗ. ಅವ್ನ್ಗ ಗೊತ್ತಿಲ್ಲ ಅದು. ಏಳ್ಬ್ಯಾಡ.”

ಮೈಸೂರಿನವನಂತೆ, ಮೈಸೂರು! ದಿಂಬಂ ಘಾಟಿ ಹತ್ತಿ ಬಂದರೆ ಸಿಗುವ ಹಾಸನೂರು ಅವನದು. ನನಗಿಂತ ಒಂದು ಗುಲಗಂಜಿಯೂ ಹೆಚ್ಚಲ್ಲ. ಕಳ್ಳ. ನನ್ನ ‘ಏಳಿ’ಗೆ ನಗುವಾಗ ಮನೆಯಲ್ಲಿ ಇದನ್ನು ಬಚ್ಚಿಟ್ಟುಕೊಂಡಿದ್ದ.

ಅಳಿಸಿಬಿಡಿ ಅಂದಿದ್ದಾಳೆ ಮೇಘ. ನೋಡೋಣ.

ಸೆಪ್ಟೆಂಬರ್ 5, ಗುರುವಾರ

ಶಿಕ್ಷಕರ ದಿನ. ಅವನಿಗೆ ಶಾಲು, ಹಾರ. ನಾನೂ ಚಪ್ಪಾಳೆ ತಟ್ಟಿದೆ, ಮನಸಾರೆ. ಎಲ್ಲ ಗೊತ್ತಿದ್ದೂ ಸುಮ್ಮನಿರುವುದರಲ್ಲಿ ಇಂಥ ಸುಖ ಇದೆ ಅಂತ ಗೊತ್ತಿರಲಿಲ್ಲ.

ಉಪಾಯ ಹೀಗೆ. ಪರಿಶೀಲನಾ ತಂಡ ಬಂದ ದಿನ ಅವನು ತೋರಿಸಬೇಕಾದ ಚಿತ್ರದ ಸುತ್ತ ಮಕ್ಕಳ ಮಾತುಗಳಿರುತ್ತವೆ. ‘ಮೊದಲನೆಯದನ್ನು ಒತ್ತಿ ಸಾರ್, ಅದೇ ಚೆನ್ನಾಗಿದೆ’ ಅಂತ ನಾನೇ ಹೇಳಿಕೊಟ್ಟಿದ್ದೇನೆ. ಅವತ್ತು ಬೆಳಿಗ್ಗೆ ತಡೆ ತೆಗೆದು ಅವನ ತಾಯಿಯ ಮಾತನ್ನು ಮೊದಲನೆಯ ಜಾಗಕ್ಕೆ ತಂದಿಡುತ್ತೇನೆ. ಒತ್ತುವವನು ಅವನೇ. ಸಭೆ ನಗುತ್ತದೆ. ಯಾರಿವರು ಅಂತ ತಂಡದವರು ಕೇಳೇ ಕೇಳುತ್ತಾರೆ. ‘ಯಾರೋ ಹಳ್ಳಿಯವರು’ ಅಂತಾನೆ ಅವನು, ಬೇರೇನು ಅಂದಾನು? ಆಗ ನಾನು ಎದ್ದು ನಿಂತು, ಒಂದೊಂದು ಹಕಾರವನ್ನೂ ಒತ್ತಿ ಹೇಳುತ್ತೇನೆ: ‘ಹೆತ್ತ ತಾಯಿಯ ಹೆಸರು ಹೇಳಲು ಹೆದರಿಕೆಯೇ ಸಾರ್?’

ಇದನ್ನು ಅಂಗೈಗೆ ಉಸಿರು ತಾಗುವಂತೆ ಅಭ್ಯಾಸ ಮಾಡುತ್ತಿದ್ದೇನೆ.

ಕಾರ್ಯಕ್ರಮ ಮುಗಿದ ಮೇಲೆ ಅವನೇ ಹತ್ತಿರ ಬಂದ. “ನಿಮ್ಮ ಹೊಸ ರೆಕಾರ್ಡಿಂಗ್ ಕೇಳಿದೆ ಮೇಡಂ. ಹಕಾರ ಸ್ಪಷ್ಟವಾಗಿ ಬಂದಿದೆ. ಇನ್ನು ನಿಮಗೆ ಯಾರೂ ನಗೋದಿಲ್ಲ” ಅಂದ. ಮುಖದಲ್ಲಿ ನಗು ಇರಲಿಲ್ಲ, ಸಮಾಧಾನ ಇತ್ತು. ಎಂಥ ನಟ!

ಸೆಪ್ಟೆಂಬರ್ 16, ಸೋಮವಾರ

ಮೇಘ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. “ಮೇಡಂ, ವಸಂತಕ್ಕನ ಮಾತು...” ಅಂದಳು. ಹಕಾರ ಇಲ್ಲದ ಪದಗಳನ್ನೇ ಆರಿಸಿಕೊಂಡು ಮಾತಾಡುವುದನ್ನು ಕಲಿತಿದ್ದಾಳೆ, ಜಾಣೆ. “ಅಳಿಸಿದಿರಾ?”

“ಅಳಿಸಿದೆ” ಅಂದೆ.

“ಥ್ಯಾಂಕ್ಸ್ ಮೇಡಂ” ಅಂದು ಓಡಿದಳು. ನಾಡಿದ್ದಿನ ಕೆಲಸ ಮುಗಿದ ಮೇಲೆ ಅಳಿಸುವುದೇ ತಾನೆ. ಎರಡು ದಿನ ಆಚೀಚೆ, ಅಷ್ಟೇ.

ಸೆಪ್ಟೆಂಬರ್ 18, ಬುಧವಾರ

ಆಯಿತು.

ಎಲ್ಲ ನಾನು ಅಂದುಕೊಂಡ ಹಾಗೇ ಶುರುವಾಯಿತು. ಮುಂದಿನ ಸಾಲಿನಲ್ಲಿ ತಂಡದವರು, ಹಿಂದೆ ಮಕ್ಕಳು, ನಾನು ಗೋಡೆಯ ಪಕ್ಕ. ಹರ್ಷವರ್ಧನ ಕೋಟು ಹಾಕಿಕೊಂಡು ಬಂದಿದ್ದ. ‘ನಮ್ಮ ವಿದ್ಯಾರ್ಥಿಗಳ ದನಿ ಕೇಳಿ’ ಅಂದು ಮೊದಲನೆಯದನ್ನು ಒತ್ತಿದ.

“ಏನ್ ಏಳ್ಲಿ ಮಗ? ನಂ ಅರ್ಸನ್ ಕತ ಏಳ್ತೀನಿ...”

ಅವನ ಕೈ ಮೌಸಿನ ಮೇಲೇ ನಿಂತಿತು. ಮೊದಲ ಮಾತಿಗೇ ಹುಡುಗರಿಗೆ ನಗು ಹತ್ತಿತು. ಪರದೆಯ ಮೇಲೆ ‘ಒಟ್ಟ ಅಸಿತದ’ ಅನ್ನುವುದು ‘ಒಟ್ಟು ಅಸತ್ಯದ’ ಅಂತ ಮೂಡಿದಾಗ ತಂಡದವರೂ ನಕ್ಕರು. ಕನ್ನಡಿ ಬಂದಾಗಲಂತೂ ಸಭೆ ಹೊಟ್ಟೆ ಹಿಡಿದುಕೊಂಡಿತು. ಅವನು ನಿಲ್ಲಿಸಬಹುದಿತ್ತು, ಒಂದು ಬೆರಳು ಸಾಕಿತ್ತು. ನಿಲ್ಲಿಸಲಿಲ್ಲ. ತಲೆ ಸ್ವಲ್ಪ ಓರೆ ಮಾಡಿಕೊಂಡು ಕೊನೆಯವರೆಗೂ ಕೇಳಿದ. “ನಂಗ ಈಗ್ಲೂ ಬರಲ್ಲ ಮಗ. ಅವ್ನ್ಗ ಗೊತ್ತಿಲ್ಲ ಅದು” ಅಂದಾಗ ಕನ್ನಡಕ ತೆಗೆದ.

ನಗುವ ಸಭೆಯಲ್ಲಿ ಒಬ್ಬಳು ಎದ್ದು ನಿಂತಳು. ಮೇಘ. ಎಲ್ಲರೂ ಕೂತು ನಗುತ್ತಿದ್ದಾರೆ, ಅವಳೊಬ್ಬಳು ನಿಂತು ನನ್ನನ್ನು ನೋಡುತ್ತಿದ್ದಾಳೆ. ಆಮೇಲೆ ಬೆಂಚು ದಾಟಿಕೊಂಡು ಹೊರಗೆ ಹೋದಳು.

ತಂಡದ ದೊಡ್ಡವರು ಕೊಯಮತ್ತೂರಿನ ಕಡೆಯವರು, ನಗು ಒರೆಸಿಕೊಳ್ಳುತ್ತ ಅರ್ಧ ತಮಿಳಿನಲ್ಲಿ ಕೇಳಿದರು, ಪಾಟಿ ಅಂದರೆ ಅಜ್ಜಿ: “ಯಾರು ಸಾರ್ ಈ ಪಾಟಿ?”

ಇದೇ. ಇದಕ್ಕೇ ನಾನು ಕಾದದ್ದು. ಅರ್ಧ ಎದ್ದೆ. ‘ಹೆತ್ತ’ ಅನ್ನುವುದು ಬಾಯಿಯ ತುದಿಯಲ್ಲಿತ್ತು.

“ನಮ್ಮವ್ವ” ಅಂದ ಅವನು.

ಮೈಕು ಇತ್ತು, ಎಲ್ಲರಿಗೂ ಕೇಳಿತು. ಮತ್ತೆ ತಮಿಳಿನಲ್ಲೂ ಅಂದ, “ಎಂಗ ಅಮ್ಮಾ ಸಾರ್.” “ನಂಗ ಬಾಳ ಒಟ್ಟ ಅಸಿತಿತ್ತು ಅಲ್ಲಿ. ನಮ್ಮವ್ವ ಏಳದೆಲ್ಲ ನಿಜ” ಅಂದ, ಅದೇ ಬಾಯಲ್ಲಿ, ಅದೇ ಹಾಸನೂರಿನ ಬಾಯಲ್ಲಿ. “ಈ ಕಟ್ಟೆ ಮಾಡಿದ್ದು ನಾನಲ್ಲ. ಪದ್ಮಶ್ರೀ ಮೇಡಂ. ಅವ್ರನ್ನೇ ಕೇಳಿ.”

ಎಲ್ಲರೂ ನನ್ನ ಕಡೆ ತಿರುಗಿದರು. ಅರ್ಧ ಎದ್ದವಳು ಪೂರ್ತಿ ಏಳಲೂ ಆಗದೆ ಕೂರಲೂ ಆಗದೆ ಇದ್ದೆ. ಏನೋ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆನಂತೆ, ವೃಷಭೇಂದ್ರ ಸಾರ್ ಬೆನ್ನು ತಟ್ಟಿದರು. ಒಂದು ಹಕಾರವೂ ತಪ್ಪಲಿಲ್ಲವಂತೆ.

ಹೊರಗೆ ಬರುವಾಗ ಹರ್ಷವರ್ಧನ ಬಾಗಿಲಲ್ಲಿ ಸಿಕ್ಕ. ಬೈಯುತ್ತಾನೆ ಅಂತ ಮೈಯೆಲ್ಲ ಬಿಗಿ ಮಾಡಿಕೊಂಡೆ. “ಆ ಉಸಿರು ಬಿಟ್ಟ ವಿಷಯ ನಂಗೆ ಗೊತ್ತೇ ಇರ್ಲಿಲ್ಲ ಮೇಡಂ” ಅಂದ. ಅಷ್ಟೇ ಅಂದು ಹೋದ.

ಬೈಯಬೇಕಿತ್ತು. ಸುಳ್ಳು ಹೇಳಬೇಕಿತ್ತು. ನಾನು ಇಷ್ಟು ದಿನ ಕಾದು ಕಟ್ಟಿದ್ದನ್ನು ಅವನು ಒಂದೇ ಮಾತಿನಲ್ಲಿ ಕೆಡವಿಬಿಟ್ಟ. ಮೋಸಗಾರ. ಇವತ್ತೂ ಅವನೇ ಗೆದ್ದ.

ಸೆಪ್ಟೆಂಬರ್ 19, ಗುರುವಾರ

ಮೇಘ ಕಾಲೇಜಿಗೆ ಬರಲಿಲ್ಲ. ಕಟ್ಟೆಗೆ ಒಂದು ಆಡಿಯೋ ಕಳಿಸಿದ್ದಾಳೆ, ಹಿಂದೆ ಗಾಳಿ ಬೀಸುತ್ತಿದೆ.

“ಮೇಡಂ, ನಾ ಮಾತಾಡಿರದೆಲ್ಲ ತಗ್ದುಬುಡಿ. ಕಲ್ಲಿಂದೂ ತಗ್ದುಬುಡಿ. ಸಾರ್ ಎಲ್ಲಾರ್ ಮುಂದ್ಕ ನಕ್ರು, ನೀವು ನಮ್ನ ಒಬ್ಬೊಬ್ಬುರ್ನೇ ಮಾತಾಡುಸ್ಕಂಡು...” ಅಲ್ಲಿಗೇ ನಿಲ್ಲಿಸಿದ್ದಾಳೆ.

ತೆಗೆಯಬೇಕು ಅಂತ ಹೋದರೆ, ಅವಳ ಆ ಮೊದಲನೆಯ ಮಾತು, ‘ಗಾಳಿ ಒಡಿತದ, ಕೇಳ್ತಾ’ ಅನ್ನುವುದು, ಕಟ್ಟೆಯಲ್ಲಿ ಇರಲೇ ಇಲ್ಲ. ನಾನು ಅದನ್ನು ಯಾರಿಗೂ ಕೇಳಿಸಿರಲೇ ಇಲ್ಲ.

ಸೆಪ್ಟೆಂಬರ್ 20, ಶುಕ್ರವಾರ

ಏನೂ ಬರೆಯುವುದಿಲ್ಲ.

ಸೆಪ್ಟೆಂಬರ್ 22, ಭಾನುವಾರ

ಹಾಸನೂರಿನ ಬಸ್ಸು ಹತ್ತಿದೆ. ಮೇಘಳಿಗೆ ನನ್ನ ಕಡೆಯ ಮಾತನ್ನೂ ತಿಳಿಸಬೇಕಿತ್ತು. ಶುರು ಮಾಡಿದ್ದು ನಾನಲ್ಲ, ಅವತ್ತು ಸಭೆಯಲ್ಲಿ ಅವಮಾನ ಆದದ್ದು ನನಗೆ. ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಕಾಡಿನ ತಿರುವು ದಾಟುವಷ್ಟರಲ್ಲಿ ಅರ್ಧ ಮರೆತಿತ್ತು.

ಮೇಘಳ ಮನೆಗೆ ಬೀಗ. ಪಕ್ಕದ ಮನೆಯ ಜಗುಲಿಯಲ್ಲಿ ಒಬ್ಬ ಹೆಂಗಸು ಮುಸುಕಿನ ಜೋಳ ಸುಲಿಯುತ್ತ ಕೂತಿದ್ದರು. ದನಿ ಕೇಳುವ ಮೊದಲೇ ಗುರುತಾಯಿತು. ತಿರುಗಿ ಹೋಗೋಣ ಅನ್ನಿಸಿತು, ಅಷ್ಟರಲ್ಲಿ ಅವರೇ ಕೂಗಿದರು.

“ಯಾರವ್ವಾ? ಕಾಲೇಜ್ನೋರಾ?”

“ಹೌದು. ಪದ್ಮಶ್ರೀ ಅಂತ.”

“ಅಯ್ಯೋ, ನೀವೇಯಾ! ನನ್ ಮಾತ ದೊಡ್ ಪರದ ಮ್ಯಾಲ ಆಕ್ಸಿದೋರು ನೀವೇ ಅಲ್ವಾ? ನಂ ಅರ್ಸ ಬಂದು ಏಳ್ದ. ಬನ್ನಿ, ಕೂತ್ಕಳಿ, ಬನ್ನಿ.” ಸೆರಗಿನಿಂದ ಜಗುಲಿ ಒರೆಸಿದರು. “‘ಎಲ್ರೂ ನಕ್ಕು ನಕ್ಕು ಸುಸ್ತಾಗ್ಬುಟ್ರು ಕಣವ್ವ, ನಿನ್ ಕತ ಅಂದ್ರ ಅಷ್ಟ್ ಇಷ್ಟ ಆಯ್ತು ಎಲ್ರಿಗೂ’ ಅಂದ. ನಿಜವಾ? ನಕ್ರಾ?”

“ನಕ್ಕರು” ಅಂದೆ.

“ಅಂಗಾರ ಚಂದಾಗೇ ಏಳಿವ್ನಿ ಅನ್ನಿ!” ಸುಲಿದ ಜೋಳದ ಕೈ ತಟ್ಟಿ ನಕ್ಕರು, ಬಾಯಿ ತುಂಬ. “ನಾ ಎದ್ರ್ಕಂಡಿದ್ದಿ, ಕೋಳಿ ಅಡ್ಡ ಬಂದ್ಬುಡ್ತಲ್ಲ ಅಂತ. ನೀವು ಪುಣ್ಯಾತ್ಗಿತ್ತಿ, ಇಲ್ದಿದ್ರ ನಮ್ ಮಾತ ಯಾರ್ ಕೇಳರು?”

ಒಳಗೆ ಗೂಟದಲ್ಲಿ ಕನ್ನಡಿ ಇತ್ತು, ಅಂಚು ಸವೆದದ್ದು. ನಾನು ಅದನ್ನೇ ನೋಡುತ್ತಿದ್ದೆ. ಹರ್ಷವರ್ಧನ ಸಾರ್ ತಮ್ಮ ತಾಯಿಗೆ ಬೇರೇನನ್ನೂ ಹೇಳಿಲ್ಲ. ಯಾಕೆ ಹಾಕಿಸಿದೆ ಅಂತ ಹೇಳಿಲ್ಲ, ಹೇಗೆ ನಕ್ಕರು ಅಂತ ಹೇಳಿಲ್ಲ. ನನಗೂ ಹೇಳಲು ಬಾಯಿ ಬರಲಿಲ್ಲ. ಎರಡು ಜೋಳದ ತೆನೆಯನ್ನು ನನ್ನ ಮಡಿಲಿಗೆ ಹಾಕಿದರು, ಬೇಡ ಅನ್ನಲೂ ಆಗಲಿಲ್ಲ. ನಾನೂ ಸುಲಿಯುತ್ತ ಕೂತೆ.

ಆಚೆ ಹೊಲದಲ್ಲಿ ಒಂದು ಕಲ್ಲು. ಅದರ ಮೇಲೆ ಮೇಘ ನಿಂತಿದ್ದಳು, ಕೈಯಲ್ಲಿ ಫೋನು ಇರಲಿಲ್ಲ. ನನ್ನನ್ನು ನೋಡಿದಳು. ಇಳಿದು ಬರಲಿಲ್ಲ, ತಿರುಗಿಯೂ ಹೋಗಲಿಲ್ಲ.

“ಇನ್ನೊಂದದ, ಅದ್ಕಿಂತ ಚಂದಾಗದ” ಅಂದರು ವಸಂತಮ್ಮ, ಕೋಳಿಯನ್ನು ದೂರ ಓಡಿಸಿ, ಗಂಟಲು ಸರಿಮಾಡಿಕೊಂಡು, ನನ್ನ ಬ್ಯಾಗಿನ ಕಡೆ ಆಸೆಯಿಂದ ನೋಡುತ್ತ. “ಫೋನ್ ತಗೀತೀರಾ? ಏಳ್ಲಾ?”

ಬ್ಯಾಗಿಗೆ ಹೋದ ಕೈಯನ್ನು ಹಾಗೇ ಹೊರಗೆ ತೆಗೆದೆ. ಮೇಘ ನೋಡುತ್ತಿದ್ದಳು.

“ಫೋನ್ ಬ್ಯಾಡ. ನಂಗೇ ಏಳಿ” ಅಂದೆ.